ಗಾರ್ಡನ್ ಸೂಪರ್‌ವೈಸರ್ ಕೆಲಸ: ಮಂಗಳೂರು, ಉಡುಪಿಯ ಮಳೆ, ಮಣ್ಣು, ಜನರನ್ನು ನಿಭಾಯಿಸುವ ಬಗೆ

ಮಂಗಳೂರು, ಸುರತ್ಕಲ್, ಮಣಿಪಾಲ ಕಡೆ ದೊಡ್ಡ ಅಪಾರ್ಟ್‌ಮೆಂಟ್, ಕಾಲೇಜು ಕ್ಯಾಂಪಸ್, ಆಸ್ಪತ್ರೆ ಅಂದರೆ ಅಲ್ಲೊಂದು ಗಾರ್ಡನ್ ತಂಡ ಇದ್ದೇ ಇರುತ್ತದೆ. ತಂಡ ಇದ್ದ ಮೇಲೆ ಅದನ್ನು ನೋಡಿಕೊಳ್ಳಲು ಒಬ್ಬ ಸೂಪರ್‌ವೈಸರ್ ಬೇಕು. ಈ ಕೆಲಸಕ್ಕೆ ಜನ ಬರುವುದು ಸಾಮಾನ್ಯವಾಗಿ ಎರಡು ದಾರಿಯಲ್ಲಿ. ಕೆಲವರು ವರ್ಷಗಟ್ಟಲೆ ಹುಲ್ಲು ಕತ್ತರಿಸಿ, ಗಿಡ ನೆಟ್ಟು ಮೇಲೆ ಬಂದವರು. ಇನ್ನು ಕೆಲವರು ತೋಟಗಾರಿಕೆ ಡಿಪ್ಲೊಮಾ ಮುಗಿಸಿ ನೇರವಾಗಿ ಬಂದವರು. ಮೊದಲನೆಯವರಿಗೆ ಲೆಕ್ಕ, ಕಾಗದ ಕಷ್ಟ. ಎರಡನೆಯವರಿಗೆ ಜನ ಕಷ್ಟ. ಇಬ್ಬರಿಗೂ ಕಷ್ಟ ಕೊಡುವುದು ಮಳೆ.

ಇಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ಹಾಗಂತ ಏಪ್ರಿಲ್ ಬಂದರೆ ಪೈಪಿನಲ್ಲಿ ನೀರಿಲ್ಲ. ಹಾಗಾಗಿ ನಾಲ್ಕು ತಿಂಗಳು ನೀರನ್ನು ಹೊರಗೆ ಹಾಕುವ ಕೆಲಸ, ಮಳೆಗೆ ಮುಂಚಿನ ಮೂರ್ನಾಲ್ಕು ತಿಂಗಳು ನೀರು ಹುಡುಕುವ ಕೆಲಸ. ನಡುವೆ ಉಳಿದ ತಿಂಗಳುಗಳಲ್ಲೇ ಗಾರ್ಡನ್ ಚಂದ ಕಾಣಬೇಕು. ಬೆಂಗಳೂರಿನಲ್ಲಿ ತಯಾರಾದ ನಿರ್ವಹಣಾ ಚಾರ್ಟ್ ತಂದು ಇಲ್ಲಿ ಗೋಡೆಗೆ ಅಂಟಿಸಿದರೆ ಪ್ರಯೋಜನ ಇಲ್ಲ.

ಮೊದಲ ವಾರ: ನಡೆದು ನೋಡಿ

ಹೊಸ ಸೈಟ್ ಸಿಕ್ಕಿದ ಕೂಡಲೇ ಕತ್ತಿ, ಹಾರೆ ಹಿಡಿಸಬೇಡಿ. ನೋಟ್‌ಬುಕ್, ಟೇಪ್, ಮೊಬೈಲ್ ಹಿಡಿದು ಇಡೀ ಜಾಗ ನಡೆಯಿರಿ. ಹಳೆಯ ಕೆಲಸಗಾರನೋ ವಾಚ್‌ಮನ್ನೋ ಜೊತೆಗಿದ್ದರೆ ಇನ್ನೂ ಒಳ್ಳೆಯದು. ಯಾವ ಮೂಲೆಯಲ್ಲಿ ನೀರು ನಿಲ್ಲುತ್ತದೆ, ಯಾವ ಕಂಪೌಂಡ್ ಕಳೆದ ಮಳೆಗೆ ವಾಲಿತು ಅನ್ನುವುದು ಡ್ರಾಯಿಂಗಿನಲ್ಲಿ ಇರುವುದಿಲ್ಲ, ಅವರಿಗೆ ಗೊತ್ತಿರುತ್ತದೆ.

ಒಂದು ಹಾಳೆಯಲ್ಲಿ ಕೈಯಾರೆ ನಕ್ಷೆ ಬರೆಯಿರಿ. ಲಾನ್, ಬೇಲಿ ಗಿಡ, ದೊಡ್ಡ ಮರ, ನಲ್ಲಿ, ವಾಲ್ವ್, ಚರಂಡಿಯ ಬಾಯಿ, ನೆಲದಡಿಯ ಕೇಬಲ್, ಎಸ್‌ಟಿಪಿ (ಕೊಳಚೆ ನೀರು ಸಂಸ್ಕರಿಸುವ ಘಟಕ) ಎಲ್ಲಾ ಗುರುತಿಸಿ. ಅಳತೆಯನ್ನು ಸೆಂಟ್ಸ್ ಲೆಕ್ಕದಲ್ಲಿ ಇಟ್ಟುಕೊಳ್ಳಿ, ನಮ್ಮೂರಲ್ಲಿ ಎಲ್ಲರಿಗೂ ಅರ್ಥವಾಗುವುದು ಅದೇ. 1 ಸೆಂಟ್ ಅಂದರೆ ಸುಮಾರು 435 ಚದರ ಅಡಿ, ಹತ್ತಿರ ಹತ್ತಿರ 40 ಚದರ ಮೀಟರ್. ಮುಂದೆ ಗೊಬ್ಬರ, ನೀರು, ಆಳು ಎಲ್ಲದರ ಲೆಕ್ಕವೂ ಈ ಸಂಖ್ಯೆಯ ಮೇಲೆಯೇ ನಿಲ್ಲುತ್ತದೆ.

ಮಣ್ಣನ್ನು ಹಾರೆ ಹಾಕಿಯೇ ನೋಡಬೇಕು. ಇಲ್ಲಿನ ಹೆಚ್ಚಿನ ಕ್ಯಾಂಪಸ್‌ಗಳು ಮುರಕಲ್ಲಿನ (ಲ್ಯಾಟರೈಟ್) ಗುಡ್ಡೆ ಕಡಿದು ಸಮತಟ್ಟು ಮಾಡಿದ ಜಾಗದಲ್ಲಿವೆ. ಮೇಲೆ ಅರ್ಧ ಅಡಿ ಕೆಂಪು ಮಣ್ಣು ಹರಡಿ ಲಾನ್ ಹಾಸಿರುತ್ತಾರೆ. ಹಾರೆ ಟಣ್ ಅಂದರೆ ಕೆಳಗೆ ಬರೀ ಕಲ್ಲು ಅಂತ ಲೆಕ್ಕ. ಅಂಥ ಕಡೆ ಕಲ್ಲು ಕೊರೆದು ಮಾಡಿದ ಗುಂಡಿಯಲ್ಲಿ ಗಿಡ ನೆಟ್ಟರೆ ಜುಲೈಯಲ್ಲಿ ನೀರು ಹೊರಹೋಗಲು ದಾರಿ ಇಲ್ಲದೆ ಬೇರು ಕೊಳೆಯುತ್ತದೆ. ಗಿಡ ಸಾಯುವುದು ಮಾತ್ರ ಅಕ್ಟೋಬರ್ ಬಿಸಿಲಿಗೆ, ಎಲ್ಲರೂ "ನೀರು ಹಾಕಲಿಲ್ಲ" ಅಂತ ಮಾಲಿಗೆ ಬೈಯುತ್ತಾರೆ! ಗುಂಡಿಯ ತಗ್ಗಿನ ಬದಿಗೆ ಒಂದು ಕಾಲುವೆ ಕಡಿದು ಬಿಡಿ, ಅಥವಾ ದಿಬ್ಬ ಮಾಡಿ ಅದರ ಮೇಲೆ ನೆಡಿ. ಇಲ್ಲಿನ ಮಣ್ಣು ಹೆಚ್ಚಾಗಿ ಹುಳಿ, ಅಂದರೆ ಆಮ್ಲೀಯ. ಮಂಗಳೂರಿನ ಕಂಕನಾಡಿ ಅಥವಾ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ ಮಣ್ಣು ಪರೀಕ್ಷೆ ಮಾಡಿಸಿ, ಆಮೇಲೆ ಸುಣ್ಣದ ಪ್ರಮಾಣ ನಿಶ್ಚಯಿಸಿ. ಸುಮ್ನೆ ಅಂದಾಜಿಗೆ ಸುಣ್ಣ ಚೆಲ್ಲುವವರು ಜಾಸ್ತಿ.

ಇನ್ನೊಂದು ವಿಷಯ ಮೊದಲ ದಿನವೇ ಕೇಳಿ: ಜಾಗದಲ್ಲಿ ನಾಗಬನ ಇದೆಯಾ, ದೈವದ ಕಟ್ಟೆ ಇದೆಯಾ? ಫ್ಲ್ಯಾಟ್ ಎದ್ದ ಜಾಗದ ಮೂಲೆಯಲ್ಲಿ ನಾಲ್ಕು ಹಳೇ ಮರ, ಬಳ್ಳಿ, ಒಂದು ಕಲ್ಲು ಉಳಿದಿರುತ್ತದೆ. ಹೊರಗಿನಿಂದ ಬಂದ ಹುಡುಗನಿಗೆ ಅದು ಕಾಡು ಬೆಳೆದ ಮೂಲೆ. ಹುಲ್ಲು, ಪೊದೆ ಕತ್ತರಿಸುವ ಬ್ರಷ್ ಕಟರ್ ಓಡಿಸಿಬಿಟ್ಟರೆ ಮುಂದಿನ ಜಗಳವನ್ನು ನೀವು ಯಾವ ರಿಪೋರ್ಟಿನಲ್ಲೂ ಸರಿಮಾಡಲಾರಿರಿ. ನಕ್ಷೆಯಲ್ಲಿ ಕೆಂಪು ಗೆರೆ ಹಾಕಿ. ಅಲ್ಲಿ ಯಾರು, ಯಾವಾಗ, ಎಷ್ಟು ಸ್ವಚ್ಛ ಮಾಡಬೇಕು ಅನ್ನುವುದನ್ನು ಜಾಗದವರೇ ಹೇಳಲಿ. ದೊಡ್ಡ ಮರ ಕಡಿಯುವ ಮಾತು ಬಂದರೂ ಹಾಗೆಯೇ ನಿಧಾನಿಸಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಅರಣ್ಯ ಇಲಾಖೆಯ ವೃಕ್ಷ ಅಧಿಕಾರಿಯ ಅನುಮತಿ ಬೇಕಾಗುತ್ತದೆ. "ನಮ್ಮದೇ ಜಾಗ, ನಮ್ಮದೇ ಮರ" ಅನ್ನುವ ಮಾತು ಅಲ್ಲಿ ನಡೆಯಲ್ಲ.

ತಂಡ ಕಟ್ಟುವುದು

ಇಲ್ಲಿನ ಒಂದು ತಂಡದಲ್ಲಿ ತುಳು, ಕನ್ನಡ, ಹಿಂದಿ ಮೂರೂ ಇರುತ್ತವೆ. ಬಾಗಲಕೋಟೆ, ಕೊಪ್ಪಳ ಕಡೆಯ ದಂಪತಿ, ಊರಿನ ಇಬ್ಬರು ಹೆಂಗಸರು, ಒಡಿಶಾ ಅಥವಾ ಜಾರ್ಖಂಡ್‌ನ ಹುಡುಗರು. ಬಾಯಲ್ಲಿ ಹೇಳಿದ ಕೆಲಸ ಮೂರು ರೀತಿ ಅರ್ಥವಾಗುತ್ತದೆ. ಹಾಗಾಗಿ ತೋರಿಸಿ. ಬೇಲಿ ಗಿಡ ಕತ್ತರಿಸಬೇಕಾದರೆ ಎರಡು ಕೋಲು ನೆಟ್ಟು, ಬೇಕಾದ ಎತ್ತರಕ್ಕೆ ಹಗ್ಗ ಎಳೆದು ಕಟ್ಟಿ. ಮೊದಲ ಒಂದು ಮಾರು ನೀವೇ ಕತ್ತರಿಸಿ. ಆಮೇಲೆ ಕತ್ತರಿ ಅವರ ಕೈಗೆ ಕೊಡಿ. "ಸ್ವಲ್ಪ ಟ್ರಿಮ್ ಮಾಡು" ಅಂತ ಹೇಳಿ ಚಹಾಕ್ಕೆ ಹೋದರೆ ವಾಪಸ್ ಬರುವಾಗ ಕೇಪಳದ ಬೇಲಿ ಮೊಣಕಾಲಿಗೆ ಇಳಿದಿರುತ್ತದೆ.

ಬೆಳಿಗ್ಗೆ ಹತ್ತು ನಿಮಿಷ ಎಲ್ಲರನ್ನೂ ನಿಲ್ಲಿಸಿ ಕೆಲಸ ಹಂಚಿ. ಯಾರಿಗೆ ಏನು, ಎಷ್ಟು ಹೊತ್ತಿಗೆ ಮುಗಿಯಬೇಕು, ಇವತ್ತಿನ ಅಪಾಯ ಏನು, ಇಷ್ಟೇ ಸಾಕು. ಭಾಷಣ ಬೇಡ. ಯಾರಿಗೆ ಜ್ವರ, ಯಾರು ನಿನ್ನೆ ರಾತ್ರಿ ನಿದ್ದೆ ಮಾಡಿಲ್ಲ ಅನ್ನುವುದು ಮುಖ ನೋಡಿದರೇ ಗೊತ್ತಾಗುತ್ತದೆ. ಅಂಥವನ ಕೈಗೆ ಆ ದಿನ ಮೆಷಿನ್ ಕೊಡಬೇಡಿ.

ಹೆಂಗಸರು ಅಂದರೆ ಕಳೆ ಕೀಳಲಿಕ್ಕೆ, ಗುಡಿಸಲಿಕ್ಕೆ ಮಾತ್ರ ಅನ್ನುವ ಅಭ್ಯಾಸ ನಮ್ಮಲ್ಲಿ ಗಟ್ಟಿ. ಅವರಿಗೂ ಲಾನ್ ಮೂವರ್, ಹೆಡ್ಜ್ ಟ್ರಿಮ್ಮರ್ ಕಲಿಸಿ. ಒಬ್ಬ ಆಪರೇಟರ್ ಊರಿಗೆ ಹೋದರೆ ಕೆಲಸ ನಿಲ್ಲುವುದಿಲ್ಲ. ಶೌಚಾಲಯದ ವ್ಯವಸ್ಥೆ ಒಪ್ಪಂದ ಮಾಡುವಾಗಲೇ ಕೇಳಿ, ಆಮೇಲೆ ಕೇಳಿದರೆ "ಪಕ್ಕದಲ್ಲಿ ಗುಡ್ಡೆ ಇದೆಯಲ್ಲ" ಅನ್ನುವ ಉತ್ತರ ಬರುತ್ತದೆ.

ರಜೆಯ ಲೆಕ್ಕ ಕ್ಯಾಲೆಂಡರ್ ನೋಡಿ ಮೊದಲೇ ಹಾಕಿ. ದೀಪಾವಳಿ ಕಳೆದ ಮೇಲೆ ಮೇ ಕೊನೆಯ ಹೊತ್ತಿನ ಪತ್ತನಾಜೆಯವರೆಗೆ ಊರಿನವರಿಗೆ ನೇಮ, ಕೋಲ ಅನ್ನುವ ದೈವಾರಾಧನೆ, ಜಾತ್ರೆ. ರಾತ್ರಿ ನೇಮ ನೋಡಿದವರು ಮರುದಿನ ಬರುವುದಿಲ್ಲ, ಬಂದರೂ ಕೆಲಸ ಆಗುವುದಿಲ್ಲ. ಉಡುಪಿಯಲ್ಲಿ ಅಷ್ಟಮಿ, ವಿಟ್ಲಪಿಂಡಿ. ಎರಡು ವರ್ಷಕ್ಕೊಮ್ಮೆ ಜನವರಿ 18ರ ಪರ್ಯಾಯಕ್ಕೆ ನಗರದೊಳಗೆ ಗಾಡಿಯೂ ನುಗ್ಗುವುದಿಲ್ಲ. ಉತ್ತರ ಕರ್ನಾಟಕದವರು ತಮ್ಮ ಊರ ಜಾತ್ರೆಗೆ, ಬಿತ್ತನೆಗೆ ಹೋದರೆ ವಾರಗಟ್ಟಲೆ ಇಲ್ಲ. ಇದಕ್ಕೆಲ್ಲ ಸಿಟ್ಟು ಮಾಡಿ ಫಲವಿಲ್ಲ. ಯಾರು ಯಾವಾಗ ಹೋಗುತ್ತಾರೆ ಅಂತ ತಿಂಗಳ ಮೊದಲೇ ಬರೆದುಕೊಂಡರೆ ಅರ್ಧ ತಲೆನೋವು ಕಡಿಮೆ.

ಆಳಿನ ಲೆಕ್ಕ

"ಇಷ್ಟು ಜಾಗಕ್ಕೆ ಎಷ್ಟು ಜನ ಬೇಕು?" ಅಂತ ಎಲ್ಲರೂ ಕೇಳುತ್ತಾರೆ. ಸಿದ್ಧ ಉತ್ತರ ಇಲ್ಲ, ನೀವೇ ಅಳೆಯಬೇಕು. ಒಂದು ಒಣ ದಿನ, ಒಂದು ಮಳೆ ದಿನ, ಒಬ್ಬನೇ ಆಪರೇಟರ್ ಒಂದು ಗಂಟೆಯಲ್ಲಿ ಎಷ್ಟು ಸೆಂಟ್ಸ್ ಮುಗಿಸಿದ ಅಂತ ಬರೆದುಕೊಳ್ಳಿ. ಕತ್ತರಿಸಿದ್ದನ್ನು ಗುಡಿಸಿ ಸಾಗಿಸುವ ಹೊತ್ತನ್ನೂ ಸೇರಿಸಿ, ಹೆಚ್ಚಿನವರು ಮರೆಯುವುದು ಅದನ್ನೇ. ಉದಾಹರಣೆಗೆ ಒಣ ದಿನ ಗಂಟೆಗೆ 8 ಸೆಂಟ್ಸ್, ಮಳೆಯಲ್ಲಿ 4 ಸೆಂಟ್ಸ್ ಬಂತು ಅಂದುಕೊಳ್ಳಿ. 80 ಸೆಂಟ್ಸ್ ಲಾನಿಗೆ ಒಣ ಕಾಲದಲ್ಲಿ 10 ಗಂಟೆ, ಮಳೆಗಾಲದಲ್ಲಿ 20 ಗಂಟೆ. ಅದರ ಮೇಲೆ ಮಳೆಗಾಲದಲ್ಲಿ ಹುಲ್ಲು ಬೇಗ ಏಳುವುದರಿಂದ ತಿಂಗಳಿಗೆ ಎರಡು ಸಲದ ಬದಲು ನಾಲ್ಕು ಸಲ ಕತ್ತರಿಸಬೇಕು. ಒಣ ಕಾಲದಲ್ಲಿ ತಿಂಗಳಿಗೆ 20 ಗಂಟೆ ಇದ್ದ ಕೆಲಸ ಮಳೆಗಾಲದಲ್ಲಿ 80 ಗಂಟೆ ಆಯಿತು, ಅಲ್ವಾ? ಈ ನಾಲ್ಕು ಪಟ್ಟನ್ನು ಮ್ಯಾನೇಜರಿಗೆ ಬರಹದಲ್ಲಿ ತೋರಿಸಿದರೆ ಜೂನ್‌ನಲ್ಲಿ ಹೆಚ್ಚುವರಿ ಆಳು ಸಿಗುತ್ತದೆ. ಬರೀ "ಜನ ಸಾಲದು ಸಾರ್" ಅಂದರೆ ಸಿಗುವುದಿಲ್ಲ.

ಮೇ ತಿಂಗಳು: ಇಡೀ ವರ್ಷದ ಪರೀಕ್ಷೆ

ಮುಂಗಾರು ಸಾಮಾನ್ಯವಾಗಿ ಜೂನ್ ಮೊದಲ ವಾರ ಇಲ್ಲಿಗೆ ಮುಟ್ಟುತ್ತದೆ. ಅಷ್ಟರೊಳಗೆ ಮುಗಿಯದ ಕೆಲಸ ಅಕ್ಟೋಬರ್‌ವರೆಗೆ ಮುಗಿಯುವುದಿಲ್ಲ. ನನ್ನ ಪ್ರಕಾರ ಒಬ್ಬ ಸೂಪರ್‌ವೈಸರ್ ಒಳ್ಳೆಯವನಾ ಅಲ್ವಾ ಅಂತ ನೋಡಬೇಕಾದರೆ ಮೇ 31ರಂದು ಅವನ ಚರಂಡಿ ನೋಡಿದರೆ ಸಾಕು.

ಚರಂಡಿ ಶುರುಮಾಡಬೇಕಾದದ್ದು ಕೆಳಗಿನಿಂದ, ಅಂದರೆ ನೀರು ಸೈಟ್‌ನಿಂದ ಹೊರಹೋಗುವ ಬಾಯಿಯಿಂದ. ಮೇಲಿನಿಂದ ಹೂಳು ತೆಗೆದರೆ ಎಲ್ಲಾ ಕಸ ಕೆಳಗೆ ಹೋಗಿ ಅಲ್ಲೇ ಕಟ್ಟುತ್ತದೆ. ಚರಂಡಿಯ ಜಾಲರಿ ಎತ್ತಿ ಕೈ ಹಾಕಿದರೆ ಸಿಗುವುದು ಹೆಚ್ಚಾಗಿ ಮಾವಿನ ಎಲೆ, ತೆಂಗಿನ ನಾರು, ಹಾಲಿನ ಪ್ಯಾಕೆಟ್, ಕೆಂಪು ಕೆಸರು. ತೆಗೆದ ಹೂಳನ್ನು ಚರಂಡಿಯ ಅಂಚಿನಲ್ಲೇ ರಾಶಿ ಹಾಕಬೇಡಿ, ಮೊದಲ ಮಳೆಗೇ ವಾಪಸ್ ಒಳಗೆ ಇಳಿಯುತ್ತದೆ. ಸಾಗಿಸಿದ ಮೇಲೆಯೇ ಕೆಲಸ ಮುಗಿದಂತೆ. ಕೊನೆಗೆ ಟ್ಯಾಂಕರ್ ಅಥವಾ ಹೋಸ್‌ನಿಂದ ನೀರು ಬಿಟ್ಟು ಹರಿಯುವುದನ್ನು ಕಣ್ಣಾರೆ ನೋಡಿ.

ಮರಗಳ ಒಣ ಕೊಂಬೆ, ಕಟ್ಟಡದ ಕಡೆ ವಾಲಿದ ಕೊಂಬೆ ಮೇ ಮಧ್ಯಕ್ಕೆ ಮುಗಿಯಲಿ. ಗುಲ್‌ಮೊಹರ್, ಮಳೆಮರಗಳ ಕೊಂಬೆ ಗಾಳಿಗೆ ಮುರಿಯುವುದು ಸಾಮಾನ್ಯ. ಪಾರ್ಕಿಂಗ್ ಮೇಲೆ ಬಂದ ಕೊಂಬೆಗಳನ್ನು ಮೊದಲು ನೋಡಿ. ವಿದ್ಯುತ್ ತಂತಿಗೆ ತಾಗಿದ್ದನ್ನು ನಿಮ್ಮ ಹುಡುಗರಿಂದ ಕಡಿಸಬೇಡಿ, ಮೆಸ್ಕಾಂಗೆ ತಿಳಿಸಿ ಲೈನ್ ಆಫ್ ಮಾಡಿಸಿ. ತೆಂಗಿನ ಮರಗಳಲ್ಲಿ ಒಣ ಮಡಲು, ಬಲಿತ ಕಾಯಿ ಎರಡನ್ನೂ ಇಳಿಸಿ. ಜನ ಓಡಾಡುವ ದಾರಿಯ ಮೇಲಿನ ತೆಂಗಿಗೆ ಸುಮಾರು ಒಂದೂವರೆ ತಿಂಗಳಿಗೊಮ್ಮೆ ಮರ ಹತ್ತುವವರು ಬರುವಂತೆ ಇರಲಿ. ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ವಿಮೆ ಇದೆ. ಅದನ್ನು ಮಾಡಿಸಿದ್ದಾರಾ ಅಂತ ಕೇಳಿಯೇ ಮರ ಹತ್ತಿಸಿ.

ಅಲಂಕಾರಕ್ಕೆ ನೆಟ್ಟ ಅಡಿಕೆ, ತಾಳೆ ಜಾತಿಯ ಗಿಡಗಳಿಗೆ ಮಳೆ ಹಿಡಿಯುವ ಮೊದಲು ಬೋರ್ಡೋ ಅನ್ನುವ ಶಿಲೀಂಧ್ರನಾಶಕ ದ್ರಾವಣ ಹೊಡೆಯಿರಿ. ಕೊಳೆರೋಗ ಕಂಡ ಊರಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ಹೊರಗಿನವರಿಗೆ ಹೇಳಬೇಕು. ಶೇ. 1ರ ದ್ರಾವಣಕ್ಕೆ 1 ಕೆಜಿ ಮೈಲುತುತ್ತು (ಕಾಪರ್ ಸಲ್ಫೇಟ್), 1 ಕೆಜಿ ಸುಣ್ಣ, 100 ಲೀಟರ್ ನೀರು. ಮೈಲುತುತ್ತನ್ನು 50 ಲೀಟರ್‌ನಲ್ಲಿ, ಸುಣ್ಣವನ್ನು ಇನ್ನೊಂದು 50 ಲೀಟರ್‌ನಲ್ಲಿ ಬೇರೆ ಬೇರೆ ಕರಗಿಸಿ, ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಸುರಿಯಿರಿ. ಪ್ಲಾಸ್ಟಿಕ್ ಡ್ರಮ್ ಬಳಸಿ, ಕಬ್ಬಿಣದ ಪಾತ್ರೆ ಬೇಡ. ಹೊಳೆಯುವ ಕತ್ತಿಯ ಅಲಗನ್ನು ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪು ಬಣ್ಣ ಕೂತರೆ ಸುಣ್ಣ ಸಾಲದು, ಇನ್ನಷ್ಟು ಸುಣ್ಣದ ನೀರು ಸೇರಿಸಿ. ಮಾಡಿದ ದಿನವೇ ಹೊಡೆದು ಮುಗಿಸಿ.

ಜೂನ್‌ನಿಂದ ಸೆಪ್ಟೆಂಬರ್

ಈ ನಾಲ್ಕು ತಿಂಗಳು ಗಾರ್ಡನ್ ಚಂದ ಮಾಡುವ ಆಸೆ ಬಿಡಿ, ಉಳಿಸಿಕೊಳ್ಳಿ. ಹುಲ್ಲನ್ನು ಒಂದೇ ಸಲ ಬೋಳಿಸಬಾರದು. ಎತ್ತರದ ಮೂರನೇ ಒಂದು ಪಾಲು ಮಾತ್ರ ಕತ್ತರಿಸಿ, ಮೂವರ್‌ನ ಬ್ಲೇಡನ್ನು ಬೇಸಿಗೆಗಿಂತ ಸ್ವಲ್ಪ ಮೇಲಿಡಿ. ನೀರು ನಿಂತ ಲಾನಿನ ಮೇಲೆ ಮೂವರ್ ಓಡಿಸಿದರೆ ಚಕ್ರದ ಗುರುತು ಡಿಸೆಂಬರ್‌ವರೆಗೂ ಉಳಿಯುತ್ತದೆ. ಒದ್ದೆ ಹುಲ್ಲಿನ ರಾಶಿ ಲಾನಿನಲ್ಲೇ ಬಿಟ್ಟರೆ ಅದರಡಿ ಹಳದಿಯಾಗಿ ಶಿಲೀಂಧ್ರ ಹಿಡಿಯುತ್ತದೆ. ಜೋರು ಮಳೆಯ ಮುನ್ನಾದಿನ ಯೂರಿಯಾ ಹಾಕಬೇಡಿ. ನೀವು ಹಾಕಿದ ಗೊಬ್ಬರ ತೋಡು ಸೇರಿ ನೇತ್ರಾವತಿಗೋ ಸ್ವರ್ಣೆಗೋ ಹೋಗುತ್ತದೆ.

ಹೊಸ ಲಾನ್ ಹಾಕುವ ಪ್ರಶ್ನೆ ಬಂದರೆ, ನೆರಳು, ಹುಳಿ ಮಣ್ಣು, ಮಳೆ ಮೂರನ್ನೂ ತಡೆಯುವುದು ಅಗಲ ಎಲೆಯ ಕಾರ್ಪೆಟ್ ಹುಲ್ಲು. ಮೆಕ್ಸಿಕನ್ ಹುಲ್ಲು ಫೋಟೊದಲ್ಲಿ ಚಂದ, ಬಿಸಿಲೂ ನೀರು ಇಳಿಯುವ ಮಣ್ಣೂ ಇದ್ದರೆ ಮಾತ್ರ ಸೈ. ಸಾಲು ಸಾಲು ಗುಲಾಬಿ ಕೇಳುವ ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ಗಳಿಗೆ ಮಾತ್ರ ನಾನು ನೇರವಾಗಿ ಬೇಡ ಅನ್ನುತ್ತೇನೆ. ಜುಲೈ ಮುಗಿಯುವಾಗ ಎಲೆಯೆಲ್ಲ ಕಪ್ಪು ಚುಕ್ಕೆಯಾಗಿ ಉದುರಿ ಬರೀ ಮುಳ್ಳು ಉಳಿಯುತ್ತದೆ. ಕೇಪಳ, ದಾಸವಾಳ, ನಂದಿಬಟ್ಟಲು, ರೆಂಜೆ ಇದ್ದ ಮೇಲೆ ಅದೆಲ್ಲ ಯಾಕೆ? ಮಲ್ಪೆ, ಪಣಂಬೂರಿನಂಥ ಕಡಲ ಬದಿಯಾದರೆ ಉಪ್ಪುಗಾಳಿ ತಡೆಯುವ ಸುರಹೊನ್ನೆ, ಗಾಳಿಮರ, ಬೋಗನ್‌ವಿಲ್ಲಾ, ಸ್ಪೈಡರ್ ಲಿಲ್ಲಿಯನ್ನು ಮುಂದಿನ ಸಾಲಿಗೆ ಹಾಕಿ, ಉಳಿದದ್ದು ಹಿಂದೆ ಇರಲಿ.

ಈ ಕಾಲದ ದೊಡ್ಡ ಚಿಂತೆ ಆರೋಗ್ಯ. ಚರಂಡಿ ನೀರಿನಲ್ಲಿ ಕೆಲಸ ಮಾಡುವವರಿಗೆ ಇಲಿಜ್ವರದ ಭಯ. ಗಮ್ ಬೂಟು, ಕೈಗವಸು ಕೊಡಿ, ಕಾಲಿನಲ್ಲಿ ಗಾಯ ಇದ್ದವರನ್ನು ನೀರಿಗೆ ಇಳಿಸಬೇಡಿ. ಜ್ವರ, ಮೈಕೈ ನೋವು ಅಂದರೆ ಮಾತ್ರೆ ಕೊಟ್ಟು ಕೆಲಸಕ್ಕೆ ಕಳಿಸದೆ ಆಸ್ಪತ್ರೆಗೆ ಕಳಿಸಿ. ಮಲೇರಿಯಾ, ಡೆಂಗಿ ನಮ್ಮ ನಗರಗಳಿಗೆ ಹೊಸತಲ್ಲ. ವಾರಕ್ಕೊಮ್ಮೆ ಒಬ್ಬರನ್ನು ನಿಂತ ನೀರು ಹುಡುಕಲಿಕ್ಕೇ ಬಿಡಿ. ಕುಂಡದ ತಟ್ಟೆ, ತೆಂಗಿನ ಗೆರಟೆ, ಟಾರ್ಪಾಲಿನ ಮಡಿಕೆ, ಉಪಯೋಗಿಸದ ಕಾರಂಜಿ ಎಲ್ಲಾ ನೋಡಲಿ.

ಹಾವು ಕಂಡರೆ ಹೊಡೆಯಬೇಡಿ, ಕೆಲಸ ನಿಲ್ಲಿಸಿ ದೂರ ಸರಿಯಿರಿ, ಹಾವು ಹಿಡಿಯುವವರಿಗೆ ಹೇಳಿ. ಸೋಗೆ, ಕಟ್ಟಿಗೆ, ಕಲ್ಲಿನ ರಾಶಿಗೆ ಬರಿಗೈ ಹಾಕಬಾರದು, ಮೊದಲು ಉದ್ದ ಕೋಲಿನಿಂದ ಕೆದಕಲಿ. ಕಚ್ಚಿದರೆ ಗಾಯ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ನಾಟಿ ಮದ್ದಿಗೆ ಓಡುವುದು ಯಾವುದೂ ಬೇಡ. ಕಚ್ಚಿದ ಭಾಗ ಅಲುಗಾಡಿಸದೆ 108ಕ್ಕೆ ಕರೆ ಮಾಡಿ ಪ್ರತಿವಿಷ ಇರುವ ಆಸ್ಪತ್ರೆಗೆ ಸಾಗಿಸಿ. ಮಂಗಳೂರಿನಲ್ಲಿ ವೆನ್ಲಾಕ್, ಉಡುಪಿಯಲ್ಲಿ ಅಜ್ಜರಕಾಡು ಜಿಲ್ಲಾ ಆಸ್ಪತ್ರೆ. ದಾರಿ, ಫೋನ್ ನಂಬರ್ ಎರಡೂ ಟೂಲ್ ರೂಮಿನ ಬಾಗಿಲಿಗೆ ಅಂಟಿಸಿರಲಿ. ಗುಡುಗು ಕೇಳಿಸಿದರೆ ಎಲ್ಲರೂ ಕಟ್ಟಡದೊಳಗೆ, ಮರದಡಿ ಅಲ್ಲ. ಸಿಡಿಲಿನ ಅಪಾಯ ಏಪ್ರಿಲ್, ಮೇ ಮತ್ತು ಅಕ್ಟೋಬರ್ ಸಂಜೆಗಳಲ್ಲೇ ಜಾಸ್ತಿ.

ಬ್ರಷ್ ಕಟರ್

ಅಪಘಾತಕ್ಕೂ ಖರ್ಚಿಗೂ ಇದೇ ಮೊದಲ ಕಾರಣ. ಟೂ ಸ್ಟ್ರೋಕ್ ಯಂತ್ರಕ್ಕೆ ಪೆಟ್ರೋಲಿನ ಜೊತೆ 2ಟಿ ಎಣ್ಣೆ ಬೆರೆಸಬೇಕು. ಹೊಸ ಯಂತ್ರಗಳಲ್ಲಿ ಹೆಚ್ಚಿನದಕ್ಕೆ ಲೀಟರಿಗೆ 20 ಮಿಲಿ, ಕೆಲವು ಹಳೆಯದಕ್ಕೆ 40 ಮಿಲಿ. ಕಂಪನಿಯ ಪುಸ್ತಕ ನೋಡಿ. ಫೋರ್ ಸ್ಟ್ರೋಕ್ ಆದರೆ ಪೆಟ್ರೋಲಿಗೆ ಏನೂ ಬೆರೆಸುವ ಹಾಗಿಲ್ಲ, ಎಣ್ಣೆಗೆ ಬೇರೆ ಜಾಗ ಇದೆ. ಒಂದೇ ಸೈಟ್‌ನಲ್ಲಿ ಎರಡೂ ಇದ್ದರೆ ಎರಡು ಬಣ್ಣದ ಕ್ಯಾನ್ ಇಡಿ, ಬೆರೆಸುವುದು ಒಬ್ಬನ ಕೆಲಸವಾಗಿರಲಿ. ಎಣ್ಣೆ ಬೆರೆಸದ ಪೆಟ್ರೋಲ್ ಹಾಕಿದ ಟೂ ಸ್ಟ್ರೋಕ್ ಯಂತ್ರ ಸ್ವಲ್ಪ ಹೊತ್ತಿಗೆ ಸೀಜ್ ಆಗಿ ನಿಲ್ಲುತ್ತದೆ.

ಮುಖಕ್ಕೆ ಶೀಲ್ಡ್, ಕಿವಿಗೆ ಮಫ್, ಕಾಲಿಗೆ ಗಾರ್ಡ್, ಬೂಟು ಇಲ್ಲದೆ ಯಂತ್ರದ ಸ್ಟಾರ್ಟರ್ ಹಗ್ಗ ಎಳೆಯುವ ಹಾಗಿಲ್ಲ. "ಸೆಖೆ ಆಗ್ತದೆ" ಅಂತ ಶೀಲ್ಡ್ ತೆಗೆದು ಮರಕ್ಕೆ ನೇತುಹಾಕುವುದು ದಿನದ ಕಥೆ, ಆಗ ಯಂತ್ರವನ್ನೇ ವಾಪಸ್ ತೆಗೆದುಕೊಳ್ಳಿ. ಸುತ್ತ 15 ಮೀಟರ್ ಒಳಗೆ ಯಾರೂ ಇರಬಾರದು. ಪಾರ್ಕಿಂಗ್ ಬದಿಯಲ್ಲಿ ಜಲ್ಲಿಕಲ್ಲು ಹಾರಿ ಕಾರಿನ ಗಾಜು ಒಡೆಯುತ್ತದೆ. ಅಲ್ಲಿ ಬ್ಲೇಡ್ ಬಿಟ್ಟು ನೈಲಾನ್ ದಾರ ಹಾಕಿ, ಇನ್ನೊಬ್ಬ ಪ್ಲೈವುಡ್ ಹಲಗೆ ಅಡ್ಡ ಹಿಡಿಯಲಿ. ಒದ್ದೆ ಹುಲ್ಲು ಯಂತ್ರದ ತಿರುಗುವ ತಲೆಗೆ ಸುತ್ತಿಕೊಂಡರೆ ಎಂಜಿನ್ ಪೂರ್ತಿ ಆಫ್ ಮಾಡಿ ಬಿಡಿಸಬೇಕು. ನಡುಕಕ್ಕೆ ಬೆರಳು ಜೋಮು ಹಿಡಿಯುವುದರಿಂದ ಇಬ್ಬರು ಸರದಿಯಲ್ಲಿ ಓಡಿಸಲಿ.

ಕಳೆನಾಶಕ, ಕೀಟನಾಶಕ

ಡಬ್ಬಿಯ ಮೇಲಿನ ತ್ರಿಕೋನದ ಬಣ್ಣ ಎಲ್ಲರಿಗೂ ಗೊತ್ತಿರಲಿ. ಕೆಂಪು ಅತಿ ಹೆಚ್ಚು ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಜನ ವಾಸಿಸುವ ಕಡೆ ನಾನು ಕೆಂಪು, ಹಳದಿ ತರಿಸುವುದೇ ಇಲ್ಲ. ಗ್ಲೈಫೋಸೇಟ್ ಬಗ್ಗೆ ಹಲವರಿಗೆ ಗೊತ್ತಿಲ್ಲ: 2022ರ ಅಕ್ಟೋಬರ್‌ನಿಂದ ಅದನ್ನು ಕೀಟ ನಿಯಂತ್ರಣ ಪರವಾನಗಿ ಇರುವ ಆಪರೇಟರುಗಳಿಂದ ಮಾತ್ರ ಹೊಡೆಸಬೇಕು ಅಂತ ಕೇಂದ್ರ ಸರಕಾರ ನಿರ್ಬಂಧಿಸಿದೆ. ಮಾಲಿಯ ಕೈಗೆ ಪಂಪು ಕೊಟ್ಟು ಹೊಡೆಸಿದರೆ ಜವಾಬ್ದಾರಿ ನಿಮ್ಮ ತಲೆಗೆ. ಇಂಟರ್‌ಲಾಕ್ ನೆಲಹಾಸಿನ ಸಂದಿನ ಹುಲ್ಲನ್ನು ಕೆರೆದು ತೆಗೆಸುವುದೇ ಒಳ್ಳೆಯದು. ಖಾಲಿ ಡಬ್ಬಿಗೆ ತೂತು ಹಾಕಿ ಬಿಡಿ, ಯಾರಾದರೂ ಅದರಲ್ಲಿ ನೀರು ತುಂಬಿ ಇಡುವ ಮೊದಲು.

ಅಕ್ಟೋಬರ್ ದಾಟಿದ ಮೇಲೆ

ನವೆಂಬರ್‌ನಿಂದ ಫೆಬ್ರವರಿ ಸುಖದ ಕಾಲ. ಲಾನಿನ ಹೊಂಡಕ್ಕೆ ಮಣ್ಣು ತುಂಬಿ, ಚೆಂಡುಹೂವು ಹಾಕಿ, ಕೊನೆಯ ಮಳೆಯ ತೇವ ಇರುವಾಗಲೇ ಲಾನಿಗೆ 100 ಚದರ ಮೀಟರಿಗೆ 1 ಕೆಜಿಯಂತೆ ಯೂರಿಯಾ ಕೊಟ್ಟು ಕೂಡಲೇ ನೀರು ಹಾಯಿಸಿ. ಸುಣ್ಣ ಹಾಕಿದ್ದರೆ ಯೂರಿಯಾಕ್ಕೆ ಎರಡು ಮೂರು ವಾರ ಅಂತರ ಇರಲಿ. ಆಯುಧ ಪೂಜೆಗೆ ಯಂತ್ರ ತೊಳೆಯುವ ದಿನವೇ ಬ್ಲೇಡ್, ಫಿಲ್ಟರ್, ಸ್ಪಾರ್ಕ್ ಪ್ಲಗ್ ನೋಡಿಬಿಟ್ಟರೆ ಒಂದು ಕೆಲಸ ಮುಗಿಯಿತು.

ಮಾರ್ಚ್ ಬಂದರೆ ನೀರಿನ ಲೆಕ್ಕ. 1 ಚದರ ಮೀಟರ್ ಮೇಲೆ 1 ಮಿಲಿಮೀಟರ್ ನೀರು ಅಂದರೆ 1 ಲೀಟರ್. 10 ಸೆಂಟ್ಸ್ ಲಾನಿಗೆ ದಿನಕ್ಕೆ 5 ಮಿಲಿಮೀಟರ್ ಕೊಡಬೇಕಾದರೆ ಸುಮಾರು 2,000 ಲೀಟರ್. ಮಂಗಳೂರಿಗೆ ನೀರು ಕೊಡುವ ತುಂಬೆಯ ಅಣೆಕಟ್ಟಿನಲ್ಲಿ, ಉಡುಪಿಗೆ ನೀರು ಕೊಡುವ ಬಜೆಯಲ್ಲಿ ಮಟ್ಟ ಇಳಿದಾಗ ಕುಡಿಯುವ ನೀರಿಗೇ ರೇಷನ್, ಲಾನಿಗೆ ಕೊಡು ಅಂದರೆ ಯಾರು ಕೊಡುತ್ತಾರೆ? ಮೊದಲು ಹೊಸದಾಗಿ ನೆಟ್ಟ ಮರ, ಆಮೇಲೆ ಬೇಲಿ ಮತ್ತು ಪೊದೆ, ಕೊನೆಗೆ ಲಾನ್. ಲಾನ್ ಕಂದು ಬಣ್ಣಕ್ಕೆ ತಿರುಗಿದರೂ ಜೂನ್‌ನಲ್ಲಿ ಹೆಚ್ಚಾಗಿ ಎದ್ದು ಬರುತ್ತದೆ, ಸತ್ತ ಮರ ಬರುವುದಿಲ್ಲ. ಎಸ್‌ಟಿಪಿಯ ಸಂಸ್ಕರಿಸಿದ ನೀರು ಇದ್ದರೆ ಅದನ್ನೇ ಬಳಸಿ, ಆದರೆ ಸ್ಪ್ರಿಂಕ್ಲರ್ ಬೇಡ, ಬುಡಕ್ಕೆ ಹೋಸ್ ಅಥವಾ ಡ್ರಿಪ್. ಮಕ್ಕಳು ಆಡುವ ಲಾನಿಗೆ ಅದು ಬೇಡ. ಕಡಲ ಹತ್ತಿರದ ಬಾವಿ ಏಪ್ರಿಲ್‌ನಲ್ಲಿ ಉಪ್ಪಾಗುತ್ತದೆ, ನಾಲಿಗೆಗೆ ಹಾಕಿ ನೋಡಿಯೇ ಗಿಡಕ್ಕೆ ಬಿಡಿ. ತೆಂಗಿನ ಸಿಪ್ಪೆ, ಒಣ ಎಲೆ ಬುಡಕ್ಕೆ ಮುಚ್ಚಿಗೆ ಹಾಕಿದರೆ ನೀರು ಉಳಿಯುತ್ತದೆ. ಕೆಲಸದ ಹೊತ್ತನ್ನು ಬೆಳಿಗ್ಗೆ ಆರೂವರೆಯಿಂದ ಹತ್ತೂವರೆ, ಮತ್ತೆ ಮೂರರ ಮೇಲೆ ಅಂತ ಮಾಡಿ. ಇಲ್ಲಿನ ಸೆಖೆಯಲ್ಲಿ ಬೆವರು ಆರುವುದಿಲ್ಲ, ನಡು ಮಧ್ಯಾಹ್ನ ಜನ ಕುಸಿದು ಬೀಳುತ್ತಾರೆ.

ಕಾಗದ ಮತ್ತು ಒಪ್ಪಂದ

ಹಾಜರಿ ಪುಸ್ತಕ ಆಯಾ ದಿನ ಬೆಳಿಗ್ಗೆಯೇ ಬರೆಯಿರಿ, ಸಂಬಳದ ದಿನ ನೆನಪಿನಿಂದ ಬರೆಯಬೇಡಿ. 10 ಅಥವಾ ಹೆಚ್ಚು ಜನ ಇರುವ ಸಂಸ್ಥೆಗೆ ಇಎಸ್‌ಐ (ನೌಕರರ ಆರೋಗ್ಯ ವಿಮೆ) ಅನ್ವಯಿಸುತ್ತದೆ, ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದವರು ಅದರೊಳಗೆ. 20 ಅಥವಾ ಹೆಚ್ಚು ಜನ ಇದ್ದರೆ ಪಿಎಫ್ (ಭವಿಷ್ಯ ನಿಧಿ). ನಿಮ್ಮ ಗುತ್ತಿಗೆದಾರ ಇದನ್ನು ಕಟ್ಟುತ್ತಿದ್ದಾನಾ ಅಂತ ಕೆಲಸಗಾರರ ಮೊಬೈಲಿನಲ್ಲೇ ನೋಡಿ. ಬಿದ್ದು ಕಾಲು ಮುರಿದ ದಿನ ಇಎಸ್‌ಐ ಕಾರ್ಡ್ ಇಲ್ಲ ಅಂತ ಗೊತ್ತಾದರೆ ತಂಡದ ಮುಖ ನೋಡಲಾಗುವುದಿಲ್ಲ.

ತಿಂಗಳಿಗೊಮ್ಮೆ ಅಸೋಸಿಯೇಷನ್‌ಗೆ ಒಂದೇ ಪುಟದ ರಿಪೋರ್ಟ್ ಕೊಡಿ. ಏನು ಮಾಡಿದೆವು, ಏನು ಬಾಕಿ, ಏನು ಬೇಕು, ಒಂದೇ ಜಾಗದಿಂದ ತೆಗೆದ ಹಿಂದಿನ ಮತ್ತು ಈಗಿನ ಫೋಟೊ. ದೂರು ಹೇಳುವವರು ಹತ್ತು ಜನ ಇದ್ದರೂ ಕೆಲಸ ಹೇಳುವವರು ಒಬ್ಬರೇ ಇರಲಿ ಅಂತ ಮೊದಲೇ ಒಪ್ಪಿಸಿ. ಇಲ್ಲದಿದ್ದರೆ ಮೂರನೇ ಮಹಡಿಯವರು ಕಡಿಯಲು ಹೇಳಿದ ಕೊಂಬೆಗೆ ಒಂದನೇ ಮಹಡಿಯವರು ಬೈಯುತ್ತಾರೆ.

ವಾರ್ಷಿಕ ಒಪ್ಪಂದದಲ್ಲಿ ಏನು ಸೇರಿದೆ ಅನ್ನುವುದಕ್ಕಿಂತ ಏನು ಸೇರಿಲ್ಲ ಅನ್ನುವುದನ್ನು ಬಿಡಿಸಿ ಬರೆಯಿಸಿ: ದೊಡ್ಡ ಮರ ಕಡಿಯುವುದು, ತೆಂಗಿನಕಾಯಿ ಇಳಿಸುವುದು, ಗಾಳಿಗೆ ಬಿದ್ದ ಮರ ಸಾಗಿಸುವುದು, ಟ್ಯಾಂಕರ್ ನೀರು, ಹೊಸ ಗಿಡದ ಬೆಲೆ. ಏಪ್ರಿಲ್‌ನಲ್ಲಿ ಕನಿಷ್ಠ ವೇತನದ ತುಟ್ಟಿಭತ್ಯೆ ಏರಿದರೆ ದರವೂ ಏರಬೇಕು ಅನ್ನುವ ಸಾಲು ಇರಲಿ. ಜೂನ್‌ನಿಂದ ಸೆಪ್ಟೆಂಬರ್‌ಗೆ ಹೆಚ್ಚುವರಿ ಆಳಿನ ದರವನ್ನು ಬೇರೆ ಸಾಲಿನಲ್ಲೇ ಹಾಕಿಸಿ, ಸಹಿ ಮಾತ್ರ ಮಾರ್ಚ್‌ನೊಳಗೆ ಆಗಲಿ.